ಹೆಪ್ಪು

ಬಿಳಿ ಕಣ ಇಳಿದಿವೆ, ಅಂದರು ಡಾಕ್ಟರು ಕಾಗದ ನೋಡಿ.
ಮೊಸರು ಬೇಡ ಸ್ವಲ್ಪ ದಿನ.
ಮನೆಯಲ್ಲಿ ಹೆಪ್ಪು ಹಾಕಿದ್ದಂತೂ ಬೇಡವೇ ಬೇಡ.
ಅದರಲ್ಲಿ ಜೀವ ಇರುತ್ತದೆ, ನಿಮಗೀಗ
ಒಳ್ಳೆಯ ಜೀವವೂ ಭಾರ.

ಕೋಡಿಬಾಗದ ನನ್ನ ಖಾನಾವಳಿಗೆ ಒಂದೇ ಹೆಪ್ಪು.
ಸೇತುವೆ ಇಲ್ಲದ ಕಾಲದಲ್ಲಿ ನನ್ನತ್ತೆ
ಸದಾಶಿವಗಡದ ದೋಣಿ ಹತ್ತಿ
ಕರಟದಲ್ಲಿ ಕಾಳಿ ಹೊಳೆ ದಾಟಿಸಿದ್ದು.
ನಿನ್ನೆಯದೊಂದು ಚಮಚ ಇವತ್ತಿಗೆ,
ಇವತ್ತಿನದು ನಾಳೆಗೆ.
ಗಂಡ ಹೋದ ರಾತ್ರಿಯೂ ಎದ್ದು ಹೋಗಿ
ಹಾಲಿಗೆ ಬೆರಳದ್ದಿ ನೋಡಿದ್ದೆ.
ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು.

ಪಕ್ಕದ ಮನೆ ಆವೆಲಿನ್‌ಗೆ ಕೊಟ್ಟೆ.
ಸಾಕಲು ಕೊಟ್ಟ ಬೆಕ್ಕಿನ ಹಾಗೆ
ತಟ್ಟೆ ಮುಚ್ಚಿ ಒಯ್ದಳು.

ಆಮೇಲೆ ಗೋವಾದ ಬಸ್ಸು, ಇಪ್ಪತ್ತೊಂದು ದಿನಕ್ಕೊಮ್ಮೆ.
ಔಷಧಿಗೆ ಕಣ್ಣಿಲ್ಲ,
ಅವಸರದಲ್ಲಿ ಬೆಳೆಯುವುದನ್ನೆಲ್ಲ ಕೊಯ್ಯುತ್ತದೆ:
ಗಡ್ಡೆ, ಕೂದಲು, ಕರುಳಿನ ಒಳಗಿನ ತೆಳು ಪದರ.
ಮಾಜಾಳಿ ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ ಅಂದೆ.
ಕಂಡಕ್ಟರ್ ಏನೂ ಕೇಳಲಿಲ್ಲ.
ನಾನು ಗಿಡಗಳ ಮರೆಯಿಂದ ಬರುವ ತನಕ
ಇಡೀ ಬಸ್ಸು ಆ ಕಡೆ, ಸಮುದ್ರದ ಕಡೆ ನೋಡುತ್ತಿತ್ತು.

ಮನೆಗೆ ಮದ್ದು ಬಂತು.
ಮೈದುನ ಪುರುಸು ಮುರುಗಲ ಸಿಪ್ಪೆ ತಂದ.
ಬೈತಖೋಲದ ಗಿರಾಕಿ ಲೋಳೆಸರದ ಬಾಟಲಿ,
ಅರಿಶಿನದ ಮಾತ್ರೆ, ಅದೇನೋ ಹಸಿರು ಪುಡಿ, ಮೊಬೈಲಿನಲ್ಲಿ ಬಂದ ಸಲಹೆ.
ಮೂವತ್ತು ವರ್ಷ ನನ್ನ ಖಾರ ತಿಂದವರು
ಈಗ ನನ್ನ ಹೊಟ್ಟೆ ತಂಪು ಮಾಡಲು ಹೊರಟಿದ್ದರು.

ಎಲ್ಲ ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿದೆ.
ನಾನು ಬಂದರಿನಲ್ಲಿ ಬುಟ್ಟಿ ಆರಿಸುವ ಹಾಗೇ ಆರಿಸಿದರು.
ಇದು ಬೇಡ. ಇದು ಖಂಡಿತ ಬೇಡ.
ಇದು ಎಲ್ಲ ಮುಗಿದ ಮೇಲೆ.
ಇದನ್ನು ಕೇಳಿ ಹೇಳುತ್ತೇನೆ.
ಕೊನೆಗೆ ಒಂದು ಬಿಳಿ ಪೊಟ್ಟಣ: ಇದೇನು?

ಕೂವೆ ಹಿಟ್ಟು ಸರ್. ಅವರ್ಸಾದ ಹೊನ್ನಿ ಮಾಡಿದ್ದು.
ಗಡ್ಡೆ ತುರಿದು ನೀರಿಗೆ ಬಿಡುವುದು,
ಬಿಳಿ ತಳಕ್ಕಿಳಿದ ಮೇಲೆ ನೀರು ಚೆಲ್ಲಿ
ಮತ್ತೆ ನೀರು, ಮತ್ತೆ ಚೆಲ್ಲುವುದು, ಕಹಿ ಹೋಗುವ ತನಕ.
ಮಕ್ಕಳಿಗೆ ಭೇದಿಯಾದರೆ ಕೊಡುತ್ತೇವೆ.

ಚೆನ್ನಾಗಿ ಕುದಿಸುತ್ತೀರಾ?
ಕುದಿಸದಿದ್ದರೆ ಅದು ಗಂಜಿಯೇ ಆಗುವುದಿಲ್ಲ.
ಸರಿ, ಉಪ್ಪು ಹಾಕಿ ಕುಡಿಯಿರಿ.
ಮದ್ದು ಅಂದುಕೊಳ್ಳಬೇಡಿ, ಊಟ ಅಂದುಕೊಳ್ಳಿ.
ಭೇದಿ ನಿಲ್ಲದಿದ್ದರೆ ಫೋನು, ರಾತ್ರಿಯಾದರೂ.

ಬಂಗಡೆ ಸಾರಿಗೆ ಹೆಸರಾದ ಕೈ
ಬಣ್ಣವಿಲ್ಲದ, ವಾಸನೆಯಿಲ್ಲದ, ಹೆಚ್ಚೂಕಮ್ಮಿ
ಏನೂ ಇಲ್ಲದ ಒಂದನ್ನು ಕಲಕಲು ಕಲಿಯಿತು.
ಮೊದಲು ಹಾಲಿನಂತೆ, ಆಮೇಲೆ ಗಾಜಿನಂತೆ.
ಬಾಯಿ ತುಂಬ ಹುಣ್ಣು, ಆದರೂ ಅದು ಜಾರಿ ಇಳಿಯಿತು.
ಕೆಲವು ದಿನ ಇಳಿದದ್ದು ನಿಂತಿತು.
ಕೆಲವು ದಿನ ನಿಲ್ಲಲಿಲ್ಲ, ಫೋನು ಮಾಡಿದೆ.

ಆರು ಸುತ್ತು ಮುಗಿದು, ಕಣ ಏರಿ,
ಇನ್ನು ಮೊಸರು ತಿನ್ನಬಹುದು ಅಂದ ಸಂಜೆ
ಆವೆಲಿನ್ ಬಾಗಿಲಲ್ಲಿ ನಿಂತೆ.
ಅವಳ ಮುಖ ಸಣ್ಣದಾಯಿತು.

ನಿನ್ನದು ನನ್ನ ಕೈಯಲ್ಲಿ ಕೆಟ್ಟಿತು, ಮಾರಾಯ್ತಿ.
ಫೆಸ್ತಿಗೆ ತವರಿಗೆ ಹೋದವಳು ಮರೆತೆ.
ಆದರೆ ಅದಕ್ಕೂ ಮೊದಲು ಶೇವಂತಿ ಒಂದು ಚಮಚ ಒಯ್ದಿದ್ದಳು,
ಶೇವಂತಿಯಿಂದ ಐಸ್ ಫ್ಯಾಕ್ಟರಿಯ ರೈಟರನ ಹೆಂಡತಿ,
ಅವಳಿಂದ ನಾನು ತಿರುಗಿ ತಂದೆ.
ಅದೇ ಇದು ಅಂತ ಆಣೆ ಹಾಕಲಾರೆ.

ಕರಟದಲ್ಲಿ ತಂದ ನನ್ನತ್ತೆ
ಆಣೆ ಹಾಕಿದ್ದಳೇ?

ಹಾಲು ಕಾಯಿಸಿ ಇಳಿಸಿದೆ.
ಬೆರಳದ್ದಿದೆ, ಏನೂ ತಿಳಿಯಲಿಲ್ಲ.
ಔಷಧಿ ಬೆರಳ ತುದಿಗಳನ್ನು ಒಯ್ದಿದೆ,
ಯಾವಾಗ ಬಂದಾವೋ ಯಾರೂ ಹೇಳರು.

ಆವೆಲಿನಳ ಮೊಮ್ಮಗಳನ್ನು ಕರೆದೆ.
ಕೈ ತೊಳೆದುಕೊಂಡು ಬಾ, ಇದರಲ್ಲಿ ಬೆರಳಿಡು.
ಬಿಸಿಯಾ?

ಇಲ್ಲ.
ಅಂದರೆ, ಸ್ವಲ್ಪ.

ತಡೆ, ತೆಗೆಯಬೇಡ, ಅಂದೆ.
ಚಮಚ ಎಲ್ಲಿಟ್ಟೆ ನೋಡುತ್ತೇನೆ.